ಪತಂಗ–ಆಹಾರಸಸ್ಯ ಚಿತ್ರಫಲಕಗಳು

ಪತಂಗವನ್ನು ಅದರ ಮರಿಹುಳು ತಿನ್ನುವ ಗಿಡದೊಂದಿಗೆ ತಾಮ್ರದ ಹಲಗೆಯಲ್ಲಿ ಕೊರೆದು, ಅಚ್ಚೊತ್ತಿ, ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ತುಂಬಿದ ಚಿತ್ರಗಳು. ಮರಿಯಾ ಸಿಬಿಲ್ಲಾ ಮೆರಿಯನ್ 1705ರಲ್ಲಿ ಪ್ರಕಟಿಸಿದ ಸುರಿನಾಮ್ ಕೀಟಗಳ ಗ್ರಂಥ ಈ ಬಗೆಯ ಮೇರುಕೃತಿ. ಹುಳು, ಕೋಶ, ರೆಕ್ಕೆಯ ಜೀವಿ ಮೂರನ್ನೂ ಆಕೆ ಒಂದೇ ಕೊಂಬೆಯ ಮೇಲೆ ತೋರಿಸಿದಳು.

ಭಾರತದ ಕೀಟಗಳನ್ನು ಹೀಗೆ ಚಿತ್ರಿಸಿದವನು ಎಡ್ವರ್ಡ್ ಡೊನೊವನ್ (1800). ಆದರೆ ಆತ ಈ ದೇಶಕ್ಕೆ ಬಂದವನೇ ಅಲ್ಲ. ಲಂಡನ್ನಿನ ಸಂಗ್ರಹಗಳಲ್ಲಿದ್ದ ಒಣ ಮಾದರಿಗಳನ್ನು ನೋಡಿ ಬರೆದ. ಬಣ್ಣ ಕಣ್ಸೆಳೆದರೂ ಕೀಟ–ಗಿಡದ ನಂಟನ್ನು ಪೂರ್ತಿ ನಂಬುವಂತಿಲ್ಲ. ಫ್ರೆಡರಿಕ್ ಮೂರ್‌ನ ಸಿಂಹಳದ ಚಿಟ್ಟೆ–ಪತಂಗಗಳ ಗ್ರಂಥ (1880–87) ಇದಕ್ಕಿಂತ ಮೇಲು. ಅದು ಕಲ್ಲಚ್ಚಿನದು, ಮೂಲ ಚಿತ್ರಗಳನ್ನು ಬರೆದವರು ಅಲ್ಲಿಯವರೇ ಆದ ಡಿ ಆಲ್ವಿಸ್ ಮನೆತನದ ಕಲಾವಿದರು. ಪಶ್ಚಿಮಘಟ್ಟದಲ್ಲೂ ಕಾಣುವ ದೈತ್ಯ ಅಟ್ಲಾಸ್ ಪತಂಗಕ್ಕೆ ‘ತಪ್ರೊಬಾನಿಸ್’ ಎಂಬ ಹೆಸರಿಟ್ಟವನು ಮೂರ್.

ಮಲೆನಾಡಿಗೆ ಹತ್ತಿರದ ಕೆಲಸ ಟಿ. ಆರ್. ಬೆಲ್‌ನದು (1863–1948). ಶರಾವತಿ ಕಡಲು ಸೇರುವ ಉತ್ತರ ಕನ್ನಡದಲ್ಲಿ ಆತ ಅರಣ್ಯಾಧಿಕಾರಿಯಾಗಿದ್ದ. ಹುಳುಗಳನ್ನು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆಂದು ಬರೆದಿಟ್ಟ. ಸ್ಕಾಟ್ ಎಂಬಾತನೊಡನೆ ಬರೆದ ಹಾಕ್ ಪತಂಗಗಳ ಸಂಪುಟ 1937ರಲ್ಲಿ ಬಂತು. ಆ ವೇಳೆಗೆ ಕೈಬಣ್ಣದ ಕಾಲ ಮುಗಿದಿತ್ತು. ಹಾಕ್ ಪತಂಗಗಳ ಗುಂಪಿನ ಹಸಿರು ಪತಂಗವೊಂದರ ಹುಳುವನ್ನು ಹಿತ್ತಲಿನ ಕಣಗಿಲೆ, ನಂದಿಬಟ್ಟಲು ಗಿಡಗಳಲ್ಲೇ ಹುಡುಕಬಹುದು.