ಮಾರಿಕಣಿವೆಯ ಕೋಡಿ ಮತ್ತು ಹಿರಿಯೂರಿನ ನೀರಿನ ಲೆಕ್ಕ: ಒಂದು ಮರುವಿಚಾರ

ವಾಣಿವಿಲಾಸ ಸಾಗರದ ಬಗ್ಗೆ ಬರೆದವರು ತಪ್ಪದೆ ಎತ್ತುವ ಮಾತೊಂದಿದೆ: 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ವೇದಾವತಿಯ ಶಕ್ತಿ ಅರಿಯದೆ ಹೊಳೆಗೆ ಮೀರಿದ ಅಣೆ ಕಟ್ಟಿದರು ಎಂಬ ತೀರ್ಮಾನ ಈ ಮಾತಿನ ಬೆನ್ನಿಗೇ ಬರುತ್ತದೆ. ಸಂಗತಿ ನಿಜ, ತೀರ್ಮಾನವನ್ನು ಮಾತ್ರ ಒಪ್ಪಲಾಗದು ಎಂಬುದು ಈ ಲೇಖನದ ವಾದ.

ವಿವಾದವಿಲ್ಲದ ವಿಷಯಗಳನ್ನು ಬೇಗ ಮುಗಿಸಬಹುದು. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗದ ಬಯಲು ದಾಟಿದ ಹೊಳೆ ಚಿತ್ರದುರ್ಗದ ಬೆಟ್ಟಸಾಲನ್ನು ಸೀಳಿ ಹಿರಿಯೂರಿನ ಕಡೆಗೆ ಇಳಿಯುವ ಇಕ್ಕಟ್ಟೇ ಮಾರಿಕಣಿವೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅಲ್ಲಿ ಅಣೆಯ ಕೆಲಸ ಶುರುವಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು ಜಲಾಶಯಕ್ಕೂ ಕೆಳಗಿನ ವಾಣಿವಿಲಾಸಪುರಕ್ಕೂ ಬಂತು. ಇಷ್ಟರಲ್ಲಿ ಯಾರದೂ ತಕರಾರಿಲ್ಲ.

ತಕರಾರು ಇರುವುದು ಅಳತೆಯಲ್ಲಿ. ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ, ಜಲಾನಯನ ಪ್ರದೇಶ ಸುಮಾರು 5,374 ಚದರ ಕಿ.ಮೀ. ಒಂದನ್ನು ಇನ್ನೊಂದರ ಮೇಲೆ ಹರಡಿದರೆ 158 ಮಿ.ಮೀ. ಆಳ ಬರುತ್ತದೆ. ಅಂದರೆ ಬರಿದಾದ ಜಲಾಶಯ ಒಂದೇ ವರ್ಷದಲ್ಲಿ ತುಂಬಬೇಕಾದರೆ ಇಡೀ ಪ್ರದೇಶದಿಂದ ಆರು ಅಂಗುಲ ನೀರು ಹರಿದು ಬರಬೇಕು. ಕಡೂರು–ಹೊಸದುರ್ಗದ ಬಯಲಿನ ವಾರ್ಷಿಕ ಮಳೆಯೇ 600 ಮಿ.ಮೀ. ಆಸುಪಾಸು. ಅದರಲ್ಲಿ ಮಣ್ಣು ಕುಡಿದದ್ದು, ಬಿಸಿಲು ಹೀರಿದ್ದು, ಅಯ್ಯನಕೆರೆ, ಮದಗದಕೆರೆಯಂಥ ಮೇಲಿನ ಕೆರೆಗಳು ತಡೆದದ್ದು ಕಳೆದು ಉಳಿದದ್ದಷ್ಟೇ ಕಣಿವೆಗೆ. ಗಿರಿಯ ತಪ್ಪಲಿನ ಹೆಚ್ಚಿನ ಮಳೆಯನ್ನು ಸೇರಿಸಿದರೂ ಪ್ರತಿವರ್ಷ ತುಂಬುವ ಲೆಕ್ಕ ಇದಲ್ಲ. ಇಷ್ಟು ದೊಡ್ಡ ಪಾತ್ರೆಗೆ ಅರ್ಥ ಬರುವುದು ಒಳ್ಳೆಯ ಮಳೆಗಾಲದ ನೀರನ್ನು ಮುಂದಿನ ಕೆಟ್ಟ ವರ್ಷಗಳಿಗೆ ಉಳಿಸುವುದರಲ್ಲಿ. ಬಯಲುಸೀಮೆಯ ರೈತ ಬರಗಾಲಕ್ಕೆಂದು ಜೋಳ ತುಂಬಿಡುತ್ತಿದ್ದ ಹಗೇವಿನ ನ್ಯಾಯವೇ ಇಲ್ಲಿಯದೂ. ಹಗೇವು ಪ್ರತಿವರ್ಷ ಬಾಯಿಮಟ್ಟ ತುಂಬಲಿಲ್ಲವೆಂದು ಯಾರೂ ದೂರಿದವರಿಲ್ಲ.

ಹಿರಿಯೂರಿನ ಜನಜೀವನ ಈ ವಾದಕ್ಕೆ ಒತ್ತು ಕೊಡುತ್ತದೆ. ಅಲ್ಲಿನ ತೋಟದವರು ಕೇಳುವುದು ‘ಡ್ಯಾಂ ತುಂಬಿತಾ?’ ಎಂದಲ್ಲ, ‘ಎಷ್ಟು ಅಡಿ ಐತೆ?’ ಎಂದು. 130 ಅಡಿ ಕೋಡಿಯ ಮಟ್ಟ. ಅದರ ಕೆಳಗಿನ ಒಂದೊಂದು ಅಡಿಗೂ ಅವರ ಲೆಕ್ಕದಲ್ಲಿ ಬೇರೆ ಬೆಲೆ. ಬೇಸಿಗೆಯಲ್ಲಿ ನಾಲೆಗೆ ಎಷ್ಟು ಸಲ ನೀರು ಬಿಡುತ್ತಾರೆ, ತೆಂಗು ಅಡಿಕೆಗೆ ಎಷ್ಟು ಹದ ಸಿಗುತ್ತದೆ ಎಂಬುದು ಆ ಅಡಿಯಿಂದಲೇ ತೀರ್ಮಾನವಾಗುತ್ತದೆ. ಸುಮಾರು 30,000 ಎಕರೆ ಅಚ್ಚುಕಟ್ಟು ಕೋಡಿ ಕಾಣದ ದಶಕಗಳಲ್ಲೂ ನಾಲೆಯ ನೀರು ಉಂಡಿದೆ. ಕಬ್ಬನ್ನು ನಂಬಿ ಹಿರಿಯೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದದ್ದು, ಮುಂದೆ ಮುಚ್ಚಿದ್ದು ಈ ಅವಧಿಯಲ್ಲೇ.

ಆದರೆ ಈ ವಾದವನ್ನು ಅತಿಗೆ ಒಯ್ಯಬಾರದು. ಮೊದಲನೆಯದಾಗಿ, ವರ್ಷಗಟ್ಟಲೆ ನಿಂತ ನೀರು ಈ ಬಿಸಿಲುನಾಡಿನಲ್ಲಿ ಆವಿಯ ತೆರಿಗೆ ಕಟ್ಟಲೇಬೇಕು. ಹರಡಿ ನಿಂತ ನೀರಿಗೆ ಆ ಹೊರೆ ಹೆಚ್ಚು. ಎರಡನೆಯದಾಗಿ, 2010ರ ದಶಕದ ಬರದಲ್ಲಿ ನೀರು ತಳ ಕಂಡು ತೆಂಗಿನ ತೋಟಗಳು ಒಣಗಿದವು. ಕೂಡಿಡುವ ಯುಕ್ತಿಗೂ ಮಿತಿ ಇದೆ. ಮೂರನೆಯದಾಗಿ, 2022ರ ಕೋಡಿಯನ್ನು 1933ರದರ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ಸೇರುತ್ತಿದ್ದು, ಮಟ್ಟ ಮೊದಲೇ ಏರಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿದದ್ದಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಆದ್ದರಿಂದ ‘ಹೊಳೆಗೆ ಮೀರಿದ ಅಣೆ’ ಎಂಬ ತೀರ್ಪು ಆಧಾರವಿಲ್ಲದ್ದು ಎಂದಷ್ಟೇ ನನ್ನ ವಾದ; ಕಟ್ಟಿದವರ ಅಂದಾಜು ಎಲ್ಲ ವಿವರದಲ್ಲೂ ಸರಿಯಾಗಿತ್ತೆಂದಲ್ಲ.

ಇನ್ನೂ ಬಿಡಿಸಬೇಕಾದದ್ದು ಹೊಸದುರ್ಗದ ಕಡೆಯ ಲೆಕ್ಕ. ತುಂಬಿದ ಡ್ಯಾಂ ಕೆಳಗಿನವರಿಗೆ ಬಾಗಿನದ ಸಂಭ್ರಮ. ದಶಕಗಳ ಕಾಲ ಬರಿದಾಗಿದ್ದ ಹಿನ್ನೀರಿನ ಅಂಚಿನಲ್ಲಿ ತೋಟ ಮಾಡಿಕೊಂಡವರಿಗೆ ಅದೇ ಮುಳುಗಡೆ. ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರಿನ ಪಾಲೂ ಈಗ ಇದರಲ್ಲಿದೆ. ಭದ್ರೆಯ ನೀರು ಬರುತ್ತಿರುವಾಗ ಎಷ್ಟು ಅಡಿ ಉಳಿಸಿಕೊಳ್ಳುವುದು ಎಲ್ಲರಿಗೂ ನ್ಯಾಯ ಎಂಬ ಪ್ರಶ್ನೆಗೆ ಹೊಳೆಯ ಹಳೆಯ ಹರಿವಿನ ದಾಖಲೆಗಳನ್ನೂ ಹಿನ್ನೀರಿನ ಹಿಡುವಳಿಗಳನ್ನೂ ಜೊತೆಗಿಟ್ಟು ನೋಡುವ ಅಧ್ಯಯನ ಬೇಕು.