ಒಂದು ಮೇಜು, ಒಂದು ಕುರ್ಚಿ, ಒಂದಿಷ್ಟು ನೂಲು



ಅಮೆರಿಕದ ಒಹಾಯೊ ರಾಜ್ಯದ ಸರ್ಕಾರಿ ಆಶ್ರಯಧಾಮವೊಂದರ ಹಳೆಯ ಕಡತದಲ್ಲಿ ಬಾಲಕಿಯೊಬ್ಬಳ ಕುರಿತು ಚಿಕ್ಕದೊಂದು ಟಿಪ್ಪಣಿಯಿದೆ. ಆಕೆ ಬಣ್ಣದ ಕ್ರೇಯಾನ್‌ಗಳನ್ನು ಬಯಸಿದ್ದಳು. ಚಿತ್ರ ಬಿಡಿಸುವಷ್ಟು ಬುದ್ಧಿ ಈಕೆಗಿಲ್ಲವೆಂದು ತೀರ್ಮಾನಿಸಿ ಅವುಗಳನ್ನು ಅವಳಿಗೆ ನಿರಾಕರಿಸಲಾಯಿತು. ಆ ಬಾಲಕಿಯ ಹೆಸರು ಜೂಡಿತ್ ಸ್ಕಾಟ್. ಬರೆದ ನೌಕರರು ಕ್ರೂರಿಗಳಾಗಿದ್ದರೆಂದು ನಾನು ಹೇಳಲಾರೆ. ಅಂದಿನ ದಿನಚರಿಯಲ್ಲಿ ಅದೊಂದು ಸಾಮಾನ್ಯ ಸಾಲು, ಅಷ್ಟೆ.

ಜೂಡಿತ್ ಹುಟ್ಟಿದ್ದು 1943ರ ಮೇ 1ರಂದು. ಶ್ರಮಿಕ ಸಂತ ಜೋಸೆಫರ ಸ್ಮರಣೆಗೆಂದು ಧರ್ಮಸಭೆ ಆ ದಿನವನ್ನು ಮೀಸಲಿಟ್ಟದ್ದು ಅನಂತರ, 1955ರಲ್ಲಿ. ಆದರೂ ಈ ಹೊಂದಾಣಿಕೆ ನನ್ನ ಮನಸ್ಸಿಗೆ ಹಿತವಾಗಿದೆ. ಆಕೆಯದು ಅವಳಿ ಜನನ. ಜೊತೆಗೆ ಹುಟ್ಟಿದ ಜಾಯ್ಸ್ ಎಲ್ಲರಂತಿದ್ದಳು. ಜೂಡಿತ್‌ಗೆ ಡೌನ್ ಸಿಂಡ್ರೋಮ್ ಇತ್ತು. ಶೈಶವದಲ್ಲಿ ಬಂದ ಜ್ವರದಿಂದ ಆಕೆ ಕಿವಿಯನ್ನೂ ಕಳೆದುಕೊಂಡಳು, ಆದರೆ ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಮಾತಿನಲ್ಲಿ ಕೇಳಿದ ಪ್ರಶ್ನೆಗಳಿಂದಲೇ ಬುದ್ಧಿಶಕ್ತಿಯನ್ನು ಅಳೆದರು. ಕಿವುಡ ಮಗು ಉತ್ತರಿಸಲಿಲ್ಲ. ಕಲಿಸಲು ಯೋಗ್ಯಳಲ್ಲ ಎಂಬ ಷರಾ ಬಿತ್ತು. 1950ರ ಅಕ್ಟೋಬರ್‌ನಲ್ಲಿ, ಏಳನೆಯ ವಯಸ್ಸಿನಲ್ಲಿ, ವೈದ್ಯರ ಸಲಹೆಯಂತೆ ಆಕೆಯನ್ನು ಕೊಲಂಬಸ್‌ನ ಧಾಮಕ್ಕೆ ಸೇರಿಸಿದರು. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಅವಳಿಗಳಲ್ಲಿ ಒಬ್ಬಳು ಬೆಳಿಗ್ಗೆ ಎದ್ದು ನೋಡಿದಾಗ ಇನ್ನೊಬ್ಬಳು ಇರಲಿಲ್ಲ. ಆ ಅಗಲಿಕೆ 35 ವರ್ಷಗಳಷ್ಟು ದೀರ್ಘವಾಯಿತು.

ಈಗ ನಿಮ್ಮನ್ನು ಅಮೆರಿಕದ ಇನ್ನೊಂದು ತುದಿಗೆ, ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕರೆದೊಯ್ಯಬೇಕಾಗಿದೆ. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಇಂತಹ ಬೃಹತ್ ಧಾಮಗಳಲ್ಲಿ ಜನರನ್ನು ಕೂಡಿಹಾಕುವ ಪದ್ಧತಿಯ ವಿರುದ್ಧ ದನಿ ಎದ್ದಿತು. ಬುದ್ಧಿಬೆಳವಣಿಗೆಯಲ್ಲಿ ಕೊರತೆಯುಳ್ಳವರಿಗೆ ತಮ್ಮ ಊರಿನಲ್ಲೇ ನೆರವು ದೊರಕಬೇಕೆಂಬ ಲ್ಯಾಂಟರ್‌ಮನ್ ಕಾಯಿದೆ 1969ರಲ್ಲಿ ಜಾರಿಗೆ ಬಂತು. ಧಾಮಗಳ ಬಾಗಿಲು ತೆರೆಯಿತು. ಹೊರಬಂದವರಿಗೆ ತಲೆಯ ಮೇಲೊಂದು ಸೂರು, ಹೊತ್ತುಹೊತ್ತಿಗೆ ಊಟ ದೊರಕಿದವು. ಆದರೆ ಬೆಳಗಿನಿಂದ ಸಂಜೆಯವರೆಗೆ ಮಾಡಲು ಏನೂ ಇರಲಿಲ್ಲ. ಮನುಷ್ಯನಿಗೆ ಹಸಿವಿನಷ್ಟೇ ಭಾರವಾದದ್ದು ಬರಿದಾದ ಹಗಲು. ನಿವೃತ್ತರನ್ನು ಕೇಳಿ ನೋಡಿ!

ಬರ್ಕ್ಲಿ ನಗರದಲ್ಲಿದ್ದ ಫ್ಲಾರೆನ್ಸ್ ಲುಡಿನ್ಸ್-ಕಾಟ್ಜ್ ಮತ್ತು ಇಲಾಯಸ್ ಕಾಟ್ಜ್ ಎಂಬ ದಂಪತಿಗಳಿಗೆ ಈ ಬರಿದಾದ ಹಗಲು ಕಂಡಿತು. ಪತ್ನಿ ಕಲಾವಿದೆ, ಕಲಾಶಿಕ್ಷಕಿ, ಪತಿ ಮನಃಶಾಸ್ತ್ರಜ್ಞ. 1974ರಲ್ಲಿ ಅವರು ತಮ್ಮ ಮನೆಯ ಕಾರು ಶೆಡ್ಡಿನಲ್ಲಿ ಮೇಜು ಹಾಕಿ, ಬಣ್ಣ ಕಾಗದಗಳನ್ನಿಟ್ಟು, ಕೆಲವರನ್ನು ಕರೆದರು. ‘ಕ್ರಿಯೇಟಿವ್ ಗ್ರೋತ್’ ಎಂಬ ಸಂಸ್ಥೆಯ ಆರಂಭ ಅದು. ಮುಂದೆ ಪಕ್ಕದ ಓಕ್‌ಲ್ಯಾಂಡ್ ನಗರದಲ್ಲಿ, ಹಿಂದೊಮ್ಮೆ ಮೋಟಾರು ದುರಸ್ತಿ ನಡೆಯುತ್ತಿದ್ದ ವಿಶಾಲವಾದ ಕಟ್ಟಡಕ್ಕೆ ಅದು ಸ್ಥಳಾಂತರಗೊಂಡಿತು. ಇದೇ ದಂಪತಿಗಳ ಪ್ರೇರಣೆಯಿಂದ 1982ರಲ್ಲಿ ರಿಚ್ಮಂಡ್‌ನಲ್ಲಿ, 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೆರಡು ಕಲಾಶಾಲೆಗಳು ಹುಟ್ಟಿದವು.

ಅಲ್ಲಿನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬರುವವರು ವಯಸ್ಕರು, ಅವರನ್ನು ಮಕ್ಕಳಂತೆ ನಡೆಸಿಕೊಳ್ಳುವುದಿಲ್ಲ. ಅವರು ರೋಗಿಗಳಲ್ಲ, ಕಲಾವಿದರು. ಜೊತೆಗಿರುವ ಸಿಬ್ಬಂದಿಯೂ ಚಿಕಿತ್ಸಕರಲ್ಲ, ಸ್ವತಃ ಕಲೆಯಲ್ಲಿ ತೊಡಗಿದವರು. ಜೇಡಿಮಣ್ಣು, ಮರ, ಬಣ್ಣ, ನೂಲು, ಅಚ್ಚು ಎಲ್ಲವೂ ಕೈಗೆಟಕುವಂತಿರುತ್ತವೆ. ಯಾವುದನ್ನು ಹಿಡಿಯಬೇಕೆಂಬುದು ಹಿಡಿಯುವವರ ಇಷ್ಟ. ಇನ್ನೊಬ್ಬರ ಕೆಲಸವನ್ನು ಯಾರೂ ಕೈಹಾಕಿ ತಿದ್ದುವುದಿಲ್ಲ. ಅಂಕವಿಲ್ಲ, ಗಡುವಿಲ್ಲ. ಕಲಾಶಾಲೆಗೆ ಅಂಟಿಕೊಂಡೇ ಪ್ರದರ್ಶನಾಲಯವಿದೆ. ಕೃತಿ ಮಾರಾಟವಾದರೆ ಹಣದ ಅರ್ಧಭಾಗ ಮಾಡಿದವರಿಗೆ ಸಲ್ಲುತ್ತದೆ. ಈ ಕೊನೆಯ ಮಾತನ್ನು ಗಮನಿಸಿ. ಕರುಣೆಯಿಂದ ಕೊಂಡ ಮೇಣದಬತ್ತಿಯ ಬೆಲೆಗೂ ದುಡಿಮೆಯ ಬೆಲೆಗೂ ವ್ಯತ್ಯಾಸವಿದೆ.

ಇತ್ತ ಜಾಯ್ಸ್ ದಾದಿಯಾಗಿ ಕ್ಯಾಲಿಫೋರ್ನಿಯಾದಲ್ಲೇ ನೆಲೆಸಿದ್ದಳು. ನಡುವಯಸ್ಸಿನಲ್ಲಿ ಒಂದು ದಿನ, ತನ್ನ ಅರ್ಧವನ್ನು ಎಲ್ಲೋ ಬಿಟ್ಟುಬಂದಿದ್ದೇನೆಂಬ ಅರಿವು ಆಕೆಗೆ ಅಸಹನೀಯವಾಯಿತು. ಕಾಗದಪತ್ರಗಳ ಹೋರಾಟ ನಡೆಸಿ 1986ರಲ್ಲಿ ಕಾನೂನುಬದ್ಧ ಪೋಷಕಳಾಗಿ ಸೋದರಿಯನ್ನು ತನ್ನಲ್ಲಿಗೆ ಕರೆತಂದಳು. ಮರುವರ್ಷ ಏಪ್ರಿಲ್‌ನಲ್ಲಿ ಜೂಡಿತ್ ಓಕ್‌ಲ್ಯಾಂಡಿನ ಕಲಾಶಾಲೆಗೆ ಬಂದಳು. ಕಸಿದುಕೊಂಡ ಕ್ರೇಯಾನನ್ನು ಮರಳಿ ಕೊಟ್ಟೊಡನೆ ಆಕೆ ಅರಳಿದಳೆಂದು ನೀವು ಊಹಿಸಿರಬಹುದು. ಹಾಗಾಗಲಿಲ್ಲ. ಸುಮಾರು ಎರಡು ವರ್ಷ ಆಕೆ ಕಾಗದದ ಮೇಲೆ ನಿರುತ್ಸಾಹದಿಂದ ಸುರುಳಿಗಳನ್ನು ಎಳೆಯುತ್ತಾ ಕುಳಿತಳು. ನಮ್ಮ ಶಾಲೆಗಳಾಗಿದ್ದರೆ? ಎರಡು ವಾರ ಕಾಯುತ್ತಿದ್ದೆವೇನೋ. ಅಲ್ಲಿ ಆ ಮೇಜನ್ನೂ ಕುರ್ಚಿಯನ್ನೂ ಆಕೆಗಾಗಿ ಹಾಗೆಯೇ ಇಟ್ಟರು.

ಬಳಿಕ ಸಿಲ್ವಿಯಾ ಸೆವೆಂಟಿ ಎಂಬ ಕಲಾವಿದೆ ನೂಲಿನ ಕೆಲಸದ ತರಗತಿಯೊಂದನ್ನು ನಡೆಸಲು ಬಂದರು. ಜೂಡಿತ್ ಅವರು ತೋರಿಸಿಕೊಟ್ಟದ್ದನ್ನು ಮಾಡಲಿಲ್ಲ. ಕೆಲವು ಕಡ್ಡಿಗಳನ್ನು ಆರಿಸಿಕೊಂಡು ನೂಲಿನಿಂದ ಸುತ್ತತೊಡಗಿದಳು. ಆ ಕೈ ಮತ್ತೆ ನಿಂತದ್ದು 2005ರ ಮಾರ್ಚ್‌ನಲ್ಲಿ, ಆಕೆಯ ಮರಣದೊಡನೆ. ಕೈಗೆ ಸಿಕ್ಕ ಛತ್ರಿ, ಬೀಗದ ಕೈ, ಫ್ಯಾನು, ಗಾಲಿ ಎಲ್ಲವೂ ಬಣ್ಣಬಣ್ಣದ ಎಳೆಗಳೊಳಗೆ ಅಡಗಿದವು. ಗೂಡಿನಂತೆ, ಬಸಿರಿನಂತೆ, ಒಂದನ್ನೊಂದು ತಬ್ಬಿದ ಎರಡು ದೇಹಗಳಂತೆ ಕಾಣುವ ಆಕೃತಿಗಳು ಹೊರಬಂದವು, ಕೆಲವು ಆಳೆತ್ತರದವು. ಒಮ್ಮೆ ನೂಲು ಮುಗಿದಾಗ ಕೈ ಒರೆಸುವ ಕಾಗದಗಳನ್ನೇ ತಂದು ಗಂಟಿಕ್ಕಿ ಅಚ್ಚಬಿಳಿಯ ಕೃತಿಯೊಂದನ್ನು ಮಾಡಿದಳು. ಮುಗಿಯಿತೆನಿಸಿದಾಗ ಕೃತಿಯನ್ನು ಆಚೆ ತಳ್ಳಿ ಮುಂದಿನದಕ್ಕೆ ಕೈಹಚ್ಚುವಳು. ಅವುಗಳ ಅರ್ಥವೇನೆಂದು ಆಕೆ ಯಾರಿಗೂ ಹೇಳಲಿಲ್ಲ, ಹೇಳಲು ಆಕೆಗೆ ಭಾಷೆಯೂ ಇರಲಿಲ್ಲ. ವಿಮರ್ಶಕರು ಬಹಳ ಬರೆದಿದ್ದಾರೆ. ಎರಡು ಒಂದಾಗಿ ಬಿಗಿದುಕೊಂಡ ಆ ಆಕೃತಿಗಳಲ್ಲಿ ನನಗಂತೂ ಆ ಹಳೆಯ ಹಾಸಿಗೆಯೇ ಕಾಣುತ್ತದೆ. ಅದು ನನ್ನ ಓದು, ಆಕೆಯ ಮಾತಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ 2014ರಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. 2017ರ ವೆನಿಸ್ ಕಲಾಮೇಳದಲ್ಲಿ ಆಕೆಯ ಕೃತಿಗಳೊಡನೆ ಅದೇ ಕಲಾಶಾಲೆಯ ಡ್ಯಾನ್ ಮಿಲ್ಲರ್ ಅವರ ಕೃತಿಗಳೂ ಇದ್ದವು. ಆಟಿಸಂ ಇರುವ ಅವರು ಅಕ್ಷರಗಳ ಮೇಲೆ ಅಕ್ಷರ ಬರೆದು ಕಾಗದವನ್ನೇ ಕಾರ್ಮೋಡ ಮಾಡುವವರು. ವಿಲಿಯಂ ಸ್ಕಾಟ್ ಎಂಬ ಮತ್ತೊಬ್ಬ ಕಲಾವಿದರು ತಮ್ಮ ನಗರವನ್ನು ಸಜ್ಜನರು ತುಂಬಿದ ಹೊಸ ಪಟ್ಟಣವಾಗಿ ಮರುನಿರ್ಮಿಸಿ, ಅದಕ್ಕೆ ‘ಪ್ರೇಸ್ ಫ್ರಿಸ್ಕೊ’ ಎಂದು ಹೆಸರಿಟ್ಟು ಚಿತ್ರಿಸುತ್ತಾರೆ. 2024ರಲ್ಲಿ, ಕಲಾಶಾಲೆಗೆ 50 ತುಂಬಿದಾಗ, ಅಲ್ಲಿನ ನೂರಕ್ಕೂ ಹೆಚ್ಚು ಕೃತಿಗಳನ್ನು ತನ್ನದಾಗಿಸಿಕೊಂಡಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯವು ಅಲ್ಲಿನ ಕಲಾವಿದರ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಇವರ ಕೆಲಸವನ್ನು ‘ಹೊರಗಿನವರ ಕಲೆ’ ಎಂದು ಕರೆಯುವ ರೂಢಿಯೊಂದಿದೆ. ನನಗೆ ಅದು ಹಿಡಿಸದು. ಹೊರಗಿಟ್ಟವರು ಯಾರು? ಮತ್ತೊಂದು ಮಾತು: ಇವರಂತೆ ಹೆಸರು ಗಳಿಸಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರ ಕೃತಿಗಳು ಯಾವ ಸಂಗ್ರಹಾಲಯಕ್ಕೂ ಹೋಗುವುದಿಲ್ಲ, ಆದರೂ ಅವರ ಕುರ್ಚಿಗಳನ್ನು ಯಾರೂ ತೆಗೆಯುವುದಿಲ್ಲ. ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದು.

ಜೆರಿಕೊವಿನ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಜನ ಅವನನ್ನು ಗದರಿಸಿದರು. ಪ್ರಭು ಯೇಸು ಅವನನ್ನು ಬಳಿಗೆ ಕರೆಸಿ, ನಿನಗೇನು ಬೇಕು ಎಂದು ಕೇಳಿದರು. ಕುರುಡನಿಗೆ ಏನು ಬೇಕೆಂಬುದು ಯಾರಿಗಾದರೂ ತಿಳಿಯುವ ವಿಷಯ, ಆದರೂ ಕೇಳಿದರು. ಈ ಶುಭಸಂದೇಶದ ಮೇಲೆ ನಾನು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇನೆ.

ಹಿಂದೆ ನಾನಿದ್ದ ಧರ್ಮಕೇಂದ್ರವೊಂದರಲ್ಲಿ ಮನೆ ಮಂತ್ರಿಸಲು ಹೋಗಿದ್ದೆ. ಕೋಣೆಯಿಂದ ಕೋಣೆಗೆ ತೀರ್ಥ ಚಿಮುಕಿಸುತ್ತಾ ನಡೆದಾಗ ಹಿಂಬದಿಯ ಒಂದು ಬಾಗಿಲು ಮುಚ್ಚಿತ್ತು. ತಾಯಿ ಸಂಕೋಚದಿಂದ ತೆರೆದರು. ಒಳಗೆ ಮೂವತ್ತು ದಾಟಿದ ಮಗ, ಚಾಪೆಯ ಮೇಲೆ. ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ, ಜೇಬಿನಲ್ಲಿದ್ದ ಚಾಕಲೇಟು ಕೊಟ್ಟೆ, ಹೊರಬಂದೆ. ಅವನಿಗೇನು ಬೇಕೆಂದು ಕೇಳಲಿಲ್ಲ.

ಜೂಡಿತ್‌ಳ ಕಥೆಯನ್ನು ಓದಿದ ಮೇಲೆ ಆ ತಾಯಿಗೆ ದೂರವಾಣಿ ಮಾಡಿದೆ. ಮಗ ಹೇಗಿದ್ದಾನೆ, ಹಗಲೆಲ್ಲ ಏನು ಮಾಡುತ್ತಾನೆ ಎಂದು ವಿಚಾರಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಏನಿಲ್ಲ ಸ್ವಾಮಿ. ಹಳೇ ಪೇಪರ್ ಹರಿದು ಹರಿದು, ನೆಲದ ಮೇಲೆ ಸಾಲಾಗಿ ಜೋಡಿಸ್ತಾ ಇರ್ತಾನೆ. ಸಾಯಂಕಾಲ ನಾನು ಗುಡಿಸಿ ಹಾಕ್ತೀನಿ.”