ಮಕ್ಕಳ ತೊಡೆಸಂದಿನ ಹರ್ನಿಯಾ: ಲ್ಯಾಪರೊಸ್ಕೋಪಿ ಚಿಕಿತ್ಸೆಯ ಇತಿಹಾಸ

ಮಗು ಅತ್ತಾಗ, ಮುಕ್ಕಿದಾಗ ತೊಡೆಸಂದಿನಲ್ಲಿ ಉಬ್ಬಿ ಬಂದು, ಮಲಗಿದಾಗ ಮಾಯವಾಗುವ ಗಂಟು ಸಾಮಾನ್ಯವಾಗಿ ಹರ್ನಿಯಾ. ಗರ್ಭದಲ್ಲಿ ವೃಷಣ ಹೊಟ್ಟೆಯಿಂದ ಕೆಳಗಿಳಿಯುವಾಗ ಉದರಪೊರೆಯ ಕಿರುಚೀಲವೊಂದು ಅದರೊಡನೆ ಇಳಿಯುತ್ತದೆ. ಚೀಲದ ಬಾಯಿ ಮುಚ್ಚದೆ ಉಳಿದರೆ ಕರುಳು ಅದರೊಳಕ್ಕೆ ಜಾರುತ್ತದೆ. ಹೆಣ್ಣುಮಕ್ಕಳಲ್ಲಿ ಕೆಲವೊಮ್ಮೆ ಅಂಡಾಶಯವೂ ಜಾರುವುದುಂಟು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಇದು ಹೆಚ್ಚು.

ದೊಡ್ಡವರಲ್ಲಿ ಹೊಟ್ಟೆಯ ಗೋಡೆಯೇ ಸಡಿಲಗೊಂಡಿರುತ್ತದೆ. ಅದನ್ನು ಹೊಲಿದು ಬಲಪಡಿಸುವ ವಿಧಾನವನ್ನು ಇಟಲಿಯ ಬಸ್ಸಿನಿ 1880ರ ದಶಕದಲ್ಲಿ ರೂಪಿಸಿದರು. ಮಕ್ಕಳ ಗೋಡೆಯಲ್ಲಿ ದೋಷವಿಲ್ಲ, ಚೀಲವನ್ನು ಬುಡದಲ್ಲಿ ಕಟ್ಟಿದರೆ ಸಾಕು ಎಂಬುದನ್ನು ಶಿಕಾಗೋದ ಪಾಟ್ಸ್ ಮತ್ತು ಸಂಗಡಿಗರು 1950ರಲ್ಲಿ ಬಲವಾಗಿ ಪ್ರತಿಪಾದಿಸಿದರು. ಮುಂದಿನ ಬೆಳವಣಿಗೆಗೆಲ್ಲ ಈ ತಿಳಿವಳಿಕೆಯೇ ತಳಹದಿ.

ಆದರೆ ಒಂದು ಬದಿಯಲ್ಲಿ ಹರ್ನಿಯಾ ಕಂಡಾಗ ಇನ್ನೊಂದು ಬದಿಯ ಗತಿಯೇನು? ಅಲ್ಲೂ ಚೀಲ ತೆರೆದಿರಬಹುದೆಂದು, 1955ರ ನಂತರ ಹಲವರು ಎರಡೂ ಬದಿ ಕೊಯ್ದು ನೋಡತೊಡಗಿದರು. ಎಷ್ಟೋ ಮಕ್ಕಳಿಗೆ ಅದು ಬೇಡದ ಗಾಯ. 1990ರ ದಶಕದ ಆರಂಭದಲ್ಲಿ, ಬಿಡಿಸಿದ ಚೀಲದ ಮೂಲಕವೇ ಕ್ಯಾಮೆರಾ ಇರುವ ಸಣ್ಣ ದರ್ಶಕವನ್ನು (ಲ್ಯಾಪರೊಸ್ಕೋಪ್) ತೂರಿಸಿ ಆಚೆ ಬದಿಯನ್ನು ನೋಡುವ ಕ್ರಮ ಬಂತು. ಹೀಗೆ ಕ್ಯಾಮೆರಾ ಮೊದಲು ಬಂದದ್ದು ನೋಡಲು, ರಿಪೇರಿಗೆ ಆಮೇಲೆ. ಅದರ ನಿಜವಾದ ಕೊಡುಗೆಯೂ ಇದೇ ಎನ್ನಬೇಕು.

ರಿಪೇರಿ ಶುರುವಾದದ್ದು ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ: ಎಲ್-ಗೊಹರಿ 1997ರಲ್ಲಿ, ಜರ್ಮನಿಯ ಶೀರ್ 1998ರಲ್ಲಿ ವರದಿ ಮಾಡಿದರು. ಕಾರಣ ಸರಳ, ಅಲ್ಲಿ ವೀರ್ಯನಾಳಕ್ಕೆ ಪೆಟ್ಟಾಗುವ ಭಯವಿಲ್ಲ. ಫ್ರಾನ್ಸಿನ ಮೋಂಟುಪೆ ಮತ್ತು ಇಟಲಿಯ ಎಸ್ಪೊಸಿಟೊ 1999ರಲ್ಲಿ ಹೊಟ್ಟೆಯ ಒಳಗಿನಿಂದಲೇ ಹೊಲಿಗೆ ಹಾಕುವ ಕ್ರಮವನ್ನು ಪ್ರಕಟಿಸಿದರು.

ಜಪಾನಿನ ತಕೆಹರ ಮತ್ತು ತಂಡ 2006ರಲ್ಲಿ ವಿವರಿಸಿದ ವಿಧಾನದಲ್ಲಿ ಕೈಚಳಕ ನಡೆಯುವುದು ಹೊಕ್ಕುಳಿನಿಂದ ದೂರದಲ್ಲಿ. ಕ್ಯಾಮೆರಾ ಹೊಕ್ಕುಳಿನಲ್ಲಿ, ದಾರ ಹೊತ್ತ ಸೂಜಿ ತೊಡೆಸಂದಿನ ಚರ್ಮವನ್ನು ಚುಚ್ಚಿ ಒಳಹೋಗುತ್ತದೆ. ಉದರಪೊರೆಯ ಹಿಂದೆಯೇ ಸಾಗುತ್ತ, ವೀರ್ಯನಾಳ ಮತ್ತು ರಕ್ತನಾಳಗಳ ಮೇಲಿನಿಂದ ದಾಟಿ, ಚೀಲದ ಬಾಯಿಯ ಅರ್ಧ ಸುತ್ತು ಮುಗಿಸಿ ದಾರವನ್ನು ಬಿಡುತ್ತದೆ. ಮತ್ತೆ ಇನ್ನೊಂದು ಕಡೆಯಿಂದ ಬಂದು ಅದೇ ದಾರವನ್ನು ಹಿಡಿದೆಳೆಯುತ್ತದೆ. ಹೊಟ್ಟೆ ಉಬ್ಬಿಸಲು ತುಂಬಿದ ಅನಿಲ ಚೀಲಕ್ಕೂ ಸೇರಿರುತ್ತದೆ; ಅದನ್ನು ಒತ್ತಿ ತೆಗೆದು ದಾರ ಬಿಗಿದರೆ, ಗಂಟು ಚರ್ಮದಡಿ ಅಡಗುತ್ತದೆ. ಅದೇ ವರ್ಷ ಪೋಲೆಂಡಿನ ಪಟ್ಕೋವ್ಸ್ಕಿ ಬರಿಯ ಇಂಜೆಕ್ಷನ್ ಸೂಜಿಯಿಂದ ಇದನ್ನು ಸಾಧಿಸಿದ್ದನ್ನು ವರದಿ ಮಾಡಿದರು. ದುಬಾರಿ ಉಪಕರಣವಿಲ್ಲದ ಆಸ್ಪತ್ರೆಗಳಿಗೆ ಇದು ದೊಡ್ಡ ಅನುಕೂಲ.

ಹಳೆಯ ತೆರೆದ ಶಸ್ತ್ರಚಿಕಿತ್ಸೆ ಇಂದಿಗೂ ಚಾಲ್ತಿಯಲ್ಲಿದೆ, ಅದರ ಫಲಿತಾಂಶವೂ ಉತ್ತಮ. ಲ್ಯಾಪರೊಸ್ಕೋಪಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ತೆರೆದ ಕ್ರಮವನ್ನು ಪುಟ್ಟ ಕೂಸುಗಳಲ್ಲಿ ಬೆನ್ನುಹುರಿಯ ಅರಿವಳಿಕೆಯಲ್ಲೇ ಮಾಡಬಹುದು. ಅರಿವಳಿಕೆಯಿಂದ ಬುದ್ಧಿ ಕುಂದೀತೇ ಎಂಬ ಹೆತ್ತವರ ಆತಂಕಕ್ಕೆ 2019ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗವೊಂದು ಸಮಾಧಾನ ಕೊಟ್ಟಿತು: ಒಂದು ಗಂಟೆಯೊಳಗಿನ ಪೂರ್ಣ ಅರಿವಳಿಕೆ ಪಡೆದ ಕೂಸುಗಳು 5ನೇ ವಯಸ್ಸಿನಲ್ಲಿ ಬುದ್ಧಿಮತ್ತೆಯಲ್ಲಿ ಅದನ್ನು ಪಡೆಯದವರಿಗೆ ಸಮನಾಗಿದ್ದವು. ಅವಧಿಪೂರ್ವ ಶಿಶುಗಳ ವಿಷಯದಲ್ಲಿ, ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಿಂದ ಬಿಡುಗಡೆಯಾದ ನಂತರಕ್ಕೆ ಮುಂದೂಡಿದರೆ ಗಂಭೀರ ತೊಂದರೆ ಕಡಿಮೆ ಎಂದು 2024ರ ಅಮೆರಿಕದ ಪ್ರಯೋಗ ತೋರಿಸಿದೆ.